ಊರ ಫಲಕದಲ್ಲಿ ಏನು ಬರೆಯಬೇಕು? ಒಂದು ಜರ್ಮನ್ ಹಳ್ಳಿಯ ಪ್ರಕರಣ ಅಧ್ಯಯನ

ಜರ್ಮನಿಯ ಹೆಸ್ಸೆನ್ ರಾಜ್ಯದ ಈಶಾನ್ಯದಲ್ಲಿ, ಫುಲ್ಡಾ ಪಟ್ಟಣದಿಂದ ಬಹಳ ದೂರವಲ್ಲದ ಗುಡ್ಡಗಳ ನಡುವೆ ಒಂದು ಸಣ್ಣ ಹಳ್ಳಿ. ಮುನ್ನೂರು ಚಿಲ್ಲರೆ ಜನ. ತನ್ನ ಹಳೆಯ ಜಾಗಗಳ ಮುಂದೆ ಒಂದೊಂದು ಫಲಕ ನಿಲ್ಲಿಸಬೇಕು, ಅವನ್ನೆಲ್ಲ ನಡೆದು ನೋಡುವ ಹಾಗೆ ಒಂದು ದಾರಿ ಗುರುತು ಮಾಡಬೇಕು ಅಂತ ಊರು ತೀರ್ಮಾನಿಸಿತು. ಮಾತು ಶುರುವಾದದ್ದು 2019ರಲ್ಲಿ. ಒಂದು ಚಳಿಗಾಲದಲ್ಲಿ ಮುಗಿಯುತ್ತದೆ ಅಂತ ಎಲ್ಲರೂ ನಂಬಿದ್ದರು. ಕೆಲಸ ವರ್ಷಗಟ್ಟಲೆ ಎಳೆಯಿತು.

ಆಗ ನಾನು ಅಲ್ಲೇ ಬಾಡಿಗೆಗಿದ್ದೆ. ಫೋಟೊ ತೆಗೆಯಲು, ನಕ್ಷೆ ಮಾಡಲು ಯಾರಾದರೂ ಬೇಕು ಅಂದರು, ಸೇರಿಕೊಂಡೆ. ಊರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಜನರ ಹೆಸರೂ ಇಲ್ಲ. ಗುರುತು ಸಿಗದ ಹಾಗೆ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಜಗಳಗಳು ಯಾವುದರ ಬಗ್ಗೆ ನಡೆದವು, ಹೇಗೆ ತೀರಿದವು ಅನ್ನುವುದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ.

ಹಿನ್ನೆಲೆ

ಊರಿನ ನಡುವೆ ಚರ್ಚು. ಅದರ ಗೋಪುರ ದಪ್ಪ ಗೋಡೆಯದು, ಕೆಳಗಡೆ ಕಿಟಕಿ ಇಲ್ಲ. ದಾಳಿಯಾದಾಗ ಜನ ಒಳಗೆ ಸೇರಿಕೊಳ್ಳಲಿ ಅಂತ ಮಧ್ಯಯುಗದಲ್ಲಿ ಹಾಗೆ ಕಟ್ಟುತ್ತಿದ್ದರು. ಪ್ರಾರ್ಥನೆಯ ಹಜಾರ ಮಾತ್ರ 18ನೇ ಶತಮಾನದ್ದು. ಚರ್ಚಿನ ಮುಂದೆ ಟೊಳ್ಳಾದ ಒಂದು ದೊಡ್ಡ ಲಿಂಡೆನ್ ಮರ. ಅದರಾಚೆ ಊರವರೆಲ್ಲ ಸರದಿಯ ಮೇಲೆ ಬ್ರೆಡ್ ಸುಡುತ್ತಿದ್ದ ಒಲೆಮನೆ. ಸುತ್ತ ಮರದ ಚೌಕಟ್ಟಿನ ಮನೆಗಳು. ಓಕ್ ತೊಲೆಗಳ ನಡುವೆ ಕಡ್ಡಿ ಹೆಣೆದು, ಹುಲ್ಲು ಕಲಸಿದ ಜೇಡಿಮಣ್ಣು ಮೆತ್ತಿ ಕಟ್ಟಿದವು. 1960ರ ದಶಕದಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಸಿಮೆಂಟ್ ಶೀಟು ಹೊಡೆದು ಮುಚ್ಚಿದ್ದರು. ಮಾಡರ್ನ್ ಆಗಿ ಕಾಣಲಿ ಅಂತ.

ರಾಜಕೀಯವಾಗಿ ಈ ಊರು ಶತಮಾನಗಟ್ಟಲೆ ಹೆಸ್ಸೆ-ಕಾಸೆಲ್ ಸಂಸ್ಥಾನಕ್ಕೆ ಸೇರಿತ್ತು. 1526ರಲ್ಲಿ ದೊರೆ ಫಿಲಿಪ್ ಸುಧಾರಣಾ ಪಂಥದ ಕಡೆ ವಾಲಿದಾಗ ಊರೂ ಪ್ರೊಟೆಸ್ಟೆಂಟ್ ಆಯಿತು. ಫುಲ್ಡಾ ಮಠದ ಹಳ್ಳಿಗಳು ಕೊನೆಗೆ ಕ್ಯಾಥೊಲಿಕ್ ಕಡೆಯೇ ನಿಂತವು. ಇವತ್ತಿಗೂ ಎರಡು ಗುಡ್ಡ ದಾಟಿದರೆ ರಸ್ತೆ ಬದಿಯಲ್ಲಿ ಶಿಲುಬೆಗಳು ಕಾಣಲು ಶುರುವಾಗುತ್ತವೆ. 1866ರಲ್ಲಿ ಪ್ರಷ್ಯಾ ಈ ಸಂಸ್ಥಾನವನ್ನು ನುಂಗಿತು. 1946ರಲ್ಲಿ ಚೆಕೊಸ್ಲೊವಾಕಿಯಾದಿಂದ ಹೊರಹಾಕಿದ ಜರ್ಮನ್ ಭಾಷಿಕರು ಗೂಡ್ಸ್ ರೈಲುಗಳಲ್ಲಿ ಬಂದಿಳಿದರು. ಹೆಚ್ಚಿನವರು ಕ್ಯಾಥೊಲಿಕರು. 1970ರ ದಶಕದ ಆರಂಭದಲ್ಲಿ ಹೆಸ್ಸೆನ್ ಸರ್ಕಾರ ಸಣ್ಣ ಹಳ್ಳಿಗಳನ್ನು ಸೇರಿಸಿ ದೊಡ್ಡ ಪಂಚಾಯಿತಿಗಳನ್ನು ಮಾಡಿತು. ಊರಿನ ಸ್ವಂತ ಮೇಯರ್ ಹುದ್ದೆ ಹೋಯಿತು. ಆಮೇಲೆ ಶಾಲೆ, ಅಂಗಡಿ, ಕೊನೆಗೆ ಬಿಯರ್ ಕುಡಿಯುವ ಜಾಗವೂ ಮುಚ್ಚಿತು.

ಫಲಕದ ಆಸೆಯ ಹಿಂದೆ ಇದೆಲ್ಲ ಇತ್ತು. ಊರಿಗೆ ಹೇಳಿಕೊಳ್ಳಲು ಉಳಿದಿದ್ದದ್ದು ಹಳೆಯದೊಂದೇ.

ಸಮಸ್ಯೆ

ಎರಡು ಒತ್ತಡಗಳಿದ್ದವು. ಒಂದು, ಊರಿನ 1250ನೇ ವರ್ಷದ ಹಬ್ಬ ಹತ್ತಿರ ಬರುತ್ತಿತ್ತು. ಇನ್ನೊಂದು, ಗ್ರಾಮೀಣಾಭಿವೃದ್ಧಿಗೆ ಐರೋಪ್ಯ ಒಕ್ಕೂಟ 1991ರಿಂದ ನಡೆಸುತ್ತಿರುವ ಲೀಡರ್ ಯೋಜನೆಯ ಹಣ. ಆ ಹಣಕ್ಕೆ ಅರ್ಜಿ, ಗಡುವು, ಲೆಕ್ಕಪತ್ರ ಎಲ್ಲ ಇವೆ. ಅರ್ಜಿಯಲ್ಲಿ ಫಲಕಗಳ ಪಟ್ಟಿಯನ್ನು ಮೊದಲೇ ಕೊಡಬೇಕು.

ಸಭೆ ಸೇರಿ ಕೈ ಎತ್ತಿಸಿ ಪಟ್ಟಿ ಮಾಡಿದರು. ಚರ್ಚು, ಲಿಂಡೆನ್ ಮರ, ಒಲೆಮನೆ, ಅತ್ಯಂತ ಹಳೆಯ ಮನೆ, ನೀರಿನ ಗಿರಣಿ, ಬಾವಿ, ಯುದ್ಧ ಸ್ಮಾರಕ. ಬರೆಯುವ ಕೆಲಸ ನಿವೃತ್ತ ಮೇಷ್ಟ್ರೊಬ್ಬರಿಗೆ ಬಂತು. ಅವರ ಹತ್ತಿರ ಊರಿನ ಚರಿತ್ರೆಯ ಟೈಪ್ ಮಾಡಿದ ಒಂದು ಪ್ರತಿ ಇತ್ತು. 1930ರ ದಶಕದಲ್ಲಿ ಅದೇ ಊರಿನ ಶಾಲೆಯಲ್ಲಿದ್ದ ಇನ್ನೊಬ್ಬ ಮೇಷ್ಟ್ರು ಬರೆದದ್ದು. ಊರಿನ ಬಗ್ಗೆ ಯಾರು ಏನೇ ಹೇಳಿದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಆ ಕಾಗದಗಳಿಗೇ. ಎಪ್ಪತ್ತರ ದಶಕದ ಹಬ್ಬದಲ್ಲಿ ನೆಟ್ಟ ಕಲ್ಲಿನ ಬರಹ, ಚರ್ಚಿನ ಕಿರುಹೊತ್ತಿಗೆ, ಪಂಚಾಯಿತಿಯ ಜಾಲತಾಣ, ಎಲ್ಲದರ ಮೂಲ ಒಂದೇ. ಒಬ್ಬರದ್ದನ್ನು ಇನ್ನೊಬ್ಬರು ನಕಲು ಮಾಡಿದ್ದರಿಂದ ನಾಲ್ಕು ಸಾಕ್ಷಿ ಇದ್ದ ಹಾಗೆ ಕಾಣುತ್ತಿತ್ತು, ಅಷ್ಟೇ.

ಮೊದಲ ಕರಡುಗಳು ಓದಲು ಚೆನ್ನಾಗಿಯೇ ಇದ್ದವು. ಎಂಟುನೂರು ವರ್ಷದ ಮರ, ಅದರ ಕೆಳಗೆ ಬೀಡುಬಿಟ್ಟು ಊರನ್ನು ಸುಟ್ಟ ಸ್ವೀಡನ್ ಸೈನಿಕರು, 8ನೇ ಶತಮಾನದ ದಾನಪತ್ರ. ಹಣ ಕೊಡುವ ಕಚೇರಿ ಒಂದೇ ಒಂದು ಸಣ್ಣ ಷರತ್ತು ಹಾಕಿತ್ತು. ವರ್ಷ ಹಾಕಿದ ಪ್ರತಿ ವಾಕ್ಯಕ್ಕೂ ಆಧಾರ ಏನು ಅಂತ ಅರ್ಜಿಯ ಜೊತೆ ಬರೆದು ಕೊಡಿ ಅಂದಿತ್ತು. ಸುಮ್ನೆ ಒಂದು ಔಪಚಾರಿಕತೆ ಅಂತ ಎಲ್ಲರೂ ತಿಳಿದರು.

ಹುಟ್ಟಿದ ವರ್ಷದ ಜಗಳ

ಜರ್ಮನಿಯಲ್ಲಿ ಹಳ್ಳಿಯ ವಯಸ್ಸನ್ನು ಎಣಿಸುವುದು ಅದು ಹುಟ್ಟಿದ ದಿನದಿಂದ ಅಲ್ಲ. ಯಾವುದಾದರೂ ಪತ್ರದಲ್ಲಿ ಅದರ ಹೆಸರು ಮೊದಲ ಸಲ ಕಾಣಿಸಿಕೊಂಡ ವರ್ಷದಿಂದ. ನಮ್ಮ ಕಡೆ ಶಾಸನದ ಕಲ್ಲು ಹೆಚ್ಚಾಗಿ ಊರಲ್ಲೇ ನಿಂತಿರುತ್ತದೆ. ಅಲ್ಲಿ ಹಾಗಲ್ಲ. ಊರಿನ ಹೆಸರು ಎಷ್ಟೋ ದೂರದ ಮಠದ ಆಸ್ತಿ ಪಟ್ಟಿಯಲ್ಲಿ ಇರುತ್ತದೆ. ಯಾರೋ ಒಬ್ಬ ಭೂಮಾಲೀಕ ತನ್ನ ಆತ್ಮದ ಒಳ್ಳೆಯದಕ್ಕೆ ಹೊಲವನ್ನೋ, ಆಳುಗಳನ್ನೋ ಮಠಕ್ಕೆ ಬರೆದುಕೊಟ್ಟಿರುತ್ತಾನೆ. ಈ ಭಾಗದಲ್ಲಿ ಆ ಮಠ 744ರಲ್ಲಿ ಶುರುವಾದ ಫುಲ್ಡಾ.

ತೊಂದರೆ ಏನೆಂದರೆ ಫುಲ್ಡಾದ ಹಳೆಯ ಮೂಲಪತ್ರಗಳಲ್ಲಿ ಬಹಳಷ್ಟು ಉಳಿದಿಲ್ಲ. ಅನೇಕ ಹಳ್ಳಿಗಳಿಗೆ ಸಿಗುವುದು 12ನೇ ಶತಮಾನದ ಮಧ್ಯದಲ್ಲಿ ಎಬರ್ಹಾರ್ಡ್ ಅನ್ನುವ ಸನ್ಯಾಸಿ ಮಾಡಿದ ಸಂಗ್ರಹ. ಕೋಡೆಕ್ಸ್ ಎಬರ್ಹಾರ್ಡಿ ಅಂತ ಅದರ ಹೆಸರು. ಈಗ ಮಾರ್‌ಬುರ್ಗ್‌ನ ರಾಜ್ಯ ದಾಖಲಾಲಯದಲ್ಲಿದೆ. ಮಠದ ಜಮೀನುಗಳು ಅವರಿವರ ಕೈಸೇರಿದ್ದ ಕಾಲ ಅದು. ವಾಪಸ್ ಪಡೆಯಲು ಕಾಗದ ಬೇಕಿತ್ತು. ಎಬರ್ಹಾರ್ಡ್ ಹಳೆಯ ಪತ್ರಗಳನ್ನು ನಕಲು ಮಾಡುತ್ತ ಮೊಟಕು ಮಾಡಿದ, ತಿದ್ದಿದ, ಕೆಲವನ್ನು ಹೊಸದಾಗಿಯೇ ಹುಟ್ಟಿಸಿದ. ಇತಿಹಾಸಕಾರರಿಗೆ ಇದು ಚೆನ್ನಾಗಿ ಗೊತ್ತು. ಹಬ್ಬದ ಸಮಿತಿಗಳಿಗೆ ಗೊತ್ತಿರುವುದು ಕಡಿಮೆ.

ಮೇಷ್ಟ್ರು ದಾಖಲಾಲಯಕ್ಕೆ ಪತ್ರ ಬರೆದರು. ಉತ್ತರ ಮರ್ಯಾದೆಯಿಂದ ಬಂತು, ಆದರೆ ಸಿಹಿಯಾಗಿರಲಿಲ್ಲ. ನಮೂದು ಎಬರ್ಹಾರ್ಡನ ಪಟ್ಟಿಯಲ್ಲಿದೆ, ಅದಕ್ಕೆ ತಾರೀಖು ಇಲ್ಲ. ಅದೇ ಹೆಸರಿನ ಇನ್ನೊಂದು ಊರು ಸಮೀಪದಲ್ಲೇ ಇತ್ತು, ಮಧ್ಯಯುಗದ ಕೊನೆಯಲ್ಲಿ ಪಾಳುಬಿತ್ತು, ನಮೂದು ಅದರದ್ದೂ ಆಗಿರಬಹುದು. ಸಂದೇಹವಿಲ್ಲದೆ ಈ ಊರಿನದ್ದೇ ಅನ್ನಬಹುದಾದ ಮೊದಲ ಪತ್ರ 14ನೇ ಶತಮಾನದ್ದು.

ಅಷ್ಟು ಹೊತ್ತಿಗೆ ‘1250’ ಅಂತ ಅಚ್ಚುಹಾಕಿದ ಬಿಯರ್ ಮಗ್ಗುಗಳಿಗೆ ಆರ್ಡರ್ ಹೋಗಿತ್ತು!

ಸಭೆಯಲ್ಲಿ ಮೂರು ಬಣ. ಪತ್ರವನ್ನು ಮಡಚಿ ಒಳಗಿಡಿ, ಪಕ್ಕದ ಊರುಗಳೆಲ್ಲ ಇದೇ ಪುಸ್ತಕದ ಮೇಲೆ ಹಬ್ಬ ಮಾಡಿಲ್ಲವಾ ಅಂದವರು ಜಾಸ್ತಿ. ಅದು ನಿಜವೂ ಹೌದು. ಹಬ್ಬವನ್ನೇ ರದ್ದು ಮಾಡಬೇಕು ಅಂದವರು ಇಬ್ಬರೋ ಮೂವರೋ. ಊರಿನ ಪ್ರತಿನಿಧಿಯಾಗಿದ್ದ ಮಹಿಳೆ ಮೂರನೇ ದಾರಿ ಹಿಡಿದರು. ಹಬ್ಬ ನಡೆಯಲಿ, ಮಗ್ಗು ಇರಲಿ, ಫಲಕದಲ್ಲಿ ಮಾತ್ರ ದಾಖಲಾಲಯ ಹೇಳಿದ್ದನ್ನು ಪೂರ್ತಿ ಬರೆಯೋಣ ಅಂದರು. ಪೇಚಿನ ಆ ಕಥೆಯೇ ಆಕರ್ಷಣೆ ಆಗುತ್ತದೆ ಅನ್ನುವುದು ಅವರ ಲೆಕ್ಕ. ಮೇಷ್ಟ್ರು ಒಪ್ಪಲಿಲ್ಲ. ಕೋಪ ಮಾಡಿಕೊಂಡು ಕೆಲವು ತಿಂಗಳು ಸಭೆಗೆ ಬರಲಿಲ್ಲ.

ಕೊನೆಗೆ ಆ ಮಹಿಳೆಯ ಮಾತೇ ನಡೆಯಿತು. ಊರವರ ಮನಸ್ಸು ಬದಲಾಯಿತು ಅನ್ನಲಾರೆ. ಹಣ ಕೊಡುವ ಕಚೇರಿ ಆಧಾರ ಕೇಳಿತ್ತು, ಆಧಾರದ ಜಾಗದಲ್ಲಿ ಬರೆಯಲು ಆ ಪತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಇಂಥ ಕೆಲಸಗಳಲ್ಲಿ ಪ್ರಾಮಾಣಿಕತೆಯನ್ನು ಮನುಷ್ಯರ ಒಳ್ಳೆಯತನಕ್ಕೆ ಬಿಡುವುದಕ್ಕಿಂತ ಅರ್ಜಿ ಫಾರಂನಲ್ಲಿ ಸೇರಿಸುವುದು ಹೆಚ್ಚು ಗಟ್ಟಿ ಅಂತ ನನಗೆ ಅಲ್ಲಿ ಅನ್ನಿಸಿತು.

ಮರ ಮತ್ತು ಸ್ವೀಡನ್ ಸೈನಿಕರು

ಮರದ ಜಗಳ ಇದಕ್ಕಿಂತ ಚಿಕ್ಕದು, ಆದರೆ ಜನ ಹೆಚ್ಚು ಬಿಸಿಯಾದದ್ದು ಇಲ್ಲೇ.

ಲಿಂಡೆನ್ ಮುನ್ನೂರು ವರ್ಷ ಬೆಳೆಯುತ್ತದೆ, ಮುನ್ನೂರು ವರ್ಷ ನಿಲ್ಲುತ್ತದೆ, ಮುನ್ನೂರು ವರ್ಷ ಸಾಯುತ್ತದೆ ಅಂತ ಜರ್ಮನರಲ್ಲಿ ಮಾತಿದೆ. ಇದೇ ಸೀಮೆಯ ಶೆಂಕ್‌ಲೆಂಗ್ಸ್‌ಫೆಲ್ಡ್‌ನಲ್ಲಿ ಸಾವಿರ ವರ್ಷ ದಾಟಿದೆ ಎನ್ನುವ ಒಂದು ಲಿಂಡೆನ್ ಇದೆ. ಜರ್ಮನಿಯ ಅತಿ ಹಳೆಯ ಮರಗಳ ಪಟ್ಟಿಯಲ್ಲಿ ಅದು ಬರುತ್ತದೆ. ಹಾಗಾಗಿ ಸುತ್ತಲಿನ ಪ್ರತಿ ಊರಿಗೂ ತನ್ನ ಮರವೂ ಕಡಿಮೆಯಲ್ಲ ಅನ್ನುವ ಹಟ. ಮರದ ವಯಸ್ಸು ಹೇಳಲು ಉಂಗುರ ಎಣಿಸಬೇಕು. ಹಳೆಯ ಲಿಂಡೆನ್ ಒಳಗೆ ಟೊಳ್ಳಾಗಿರುತ್ತದೆ, ಎಣಿಸಲು ಉಂಗುರವೇ ಇರುವುದಿಲ್ಲ. ಬುಡದ ಸುತ್ತಳತೆ ನೋಡಿ ಅಂದಾಜು ಮಾಡಬೇಕು ಅಷ್ಟೇ. ಮರದ ಆರೋಗ್ಯ ನೋಡಲು ಬಂದ ತಜ್ಞರು ಮುನ್ನೂರರಿಂದ ನಾನೂರು ವರ್ಷ ಇರಬಹುದು ಅಂದರು. ಊರಿನ ಲೆಕ್ಕದಲ್ಲಿ ಅರ್ಧ ಹೋಯಿತು.

ವಯಸ್ಸಿನ ಜೊತೆ ಸ್ವೀಡನ್ ಕಥೆಯೂ ಅಲುಗಾಡಿತು. 1618ರಿಂದ 1648ರವರೆಗಿನ ಮೂವತ್ತು ವರ್ಷದ ಯುದ್ಧದ ನೆನಪು ಜರ್ಮನಿಯ ಹಳ್ಳಿಗಳಲ್ಲಿ ಎಲ್ಲೆಲ್ಲೂ ಇದೆ. ಎಲ್ಲೆಲ್ಲೂ ಅಪರಾಧಿಗಳು ಸ್ವೀಡನ್ನಿನವರೇ. ಆದರೆ ಹೆಸ್ಸೆ-ಕಾಸೆಲ್ 1631ರಲ್ಲೇ ಸ್ವೀಡನ್ನಿನ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಈ ಸೀಮೆಯನ್ನು ಹೆಚ್ಚು ಸುಟ್ಟದ್ದು ಎದುರು ಪಕ್ಷವಾದ ಚಕ್ರವರ್ತಿಯ ಪಡೆ, ಅದರಲ್ಲೂ 1637ರಲ್ಲಿ ನುಗ್ಗಿದ ಕ್ರೊಯೇಷಿಯಾದ ಕುದುರೆ ಸವಾರರು. ಗೆಳೆಯರ ಸೈನ್ಯವೂ ದಾರಿಯಲ್ಲಿ ಸಿಕ್ಕ ದನ, ಕಾಳು ಬಿಡುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಹಾಗಾದರೆ ಕಥೆಯನ್ನು ಕಿತ್ತುಹಾಕುವುದಾ? ತೊಂಬತ್ತರ ಹತ್ತಿರದ ಒಬ್ಬ ಅಜ್ಜಿ ಎದ್ದು, ‘ನನ್ನ ಅಜ್ಜಿ ಹೇಳಿದ್ದನ್ನು ಸುಳ್ಳು ಅಂತ ಬರೆಯೋಕೆ ನೀವ್ಯಾರು?’ ಅಂತ ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಫಲಕಕ್ಕೆ ಎರಡು ಬಣ್ಣ ಕೊಟ್ಟದ್ದು ಆ ಪ್ರಶ್ನೆಯಿಂದ. ಊರಿನ ಜನ ಹೇಳುವುದು ಹಸಿರು ಪಟ್ಟಿಯಲ್ಲಿ, ಕಾಗದ ಹೇಳುವುದು ಬಿಳಿ ಪಟ್ಟಿಯಲ್ಲಿ. ಎರಡೂ ಅಕ್ಕಪಕ್ಕ, ಒಂದೇ ಗಾತ್ರದ ಅಕ್ಷರದಲ್ಲಿ. ಮುಂದೆ ಎಲ್ಲ ಫಲಕಗಳಿಗೂ ಇದೇ ಪದ್ಧತಿ ಆಯಿತು. ಮೇಷ್ಟ್ರು ಸಭೆಗೆ ವಾಪಸ್ ಬಂದದ್ದೂ ಇದಾದ ಮೇಲೆಯೇ. ಅವರು ವರ್ಷಗಟ್ಟಲೆ ಕೇಳಿ ಬರೆದಿಟ್ಟಿದ್ದ ಕಥೆಗಳಿಗೆ ಈಗ ಒಂದು ಜಾಗ ಇತ್ತು.

ಅತಿ ಹಳೆಯ ಮನೆಯ ವಿಷಯ ಬೇಗ ಮುಗಿಯಿತು. ಬಾಗಿಲ ಮೇಲಿನ ತೊಲೆಯಲ್ಲಿ ಕಟ್ಟಿಸಿದವನ ಹೆಸರು, ಬಡಗಿಯ ಹೆಸರು, ಬೈಬಲ್ಲಿನ ಸಾಲು, ವರ್ಷ ಎಲ್ಲ ಕೆತ್ತಿತ್ತು. ಬಡಗಿಗಳು ಓಕ್ ಮರವನ್ನು ಕಡಿದು ಹಸಿಯಾಗಿದ್ದಾಗಲೇ ಕೆಲಸಕ್ಕೆ ಬಳಸುತ್ತಿದ್ದರು. ಹಾಗಾಗಿ ತೊಲೆಯ ಉಂಗುರ ಪರೀಕ್ಷೆ ಮಾಡಿಸಿದರೆ ಮನೆ ಕಟ್ಟಿದ ಕಾಲ ಹೆಚ್ಚು ಕಡಿಮೆ ಸರಿಯಾಗಿ ಸಿಗುತ್ತದೆ. ಪರೀಕ್ಷೆಯೂ ಬರಹವೂ ಹೊಂದಿಕೊಂಡವು. ಜಗಳವೇ ಇಲ್ಲ.

ಸ್ಮಾರಕದ ಮೇಲಿನ ಒಂದು ಹೆಸರು

ನಿಜವಾದ ತಿರುವು ಬಂದದ್ದು ಯಾರೂ ಚರ್ಚೆ ಮಾಡಬೇಕಾಗಿಲ್ಲ ಅಂದುಕೊಂಡಿದ್ದ ಫಲಕದಲ್ಲಿ.

ಯುದ್ಧ ಸ್ಮಾರಕ 1920ರ ದಶಕದ್ದು. ಮೊದಲ ಮಹಾಯುದ್ಧದಲ್ಲಿ ಸತ್ತ ಊರಿನ ಗಂಡಸರ ಹೆಸರುಗಳು ಅದರ ಮೇಲಿವೆ. ಒಬ್ಬ ಕಾಲೇಜು ಹುಡುಗಿ ಆ ಹೆಸರುಗಳನ್ನು ಚರ್ಚಿನ ಪುಸ್ತಕಗಳ ಜೊತೆ ಹೋಲಿಸಲು ಕೂತಳು. ಕೊರೊನಾ ಕಾಲ, ದಾಖಲಾಲಯಗಳು ಮುಚ್ಚಿದ್ದವು. ಆದರೆ ಪ್ರೊಟೆಸ್ಟೆಂಟ್ ಚರ್ಚುಗಳ ಹಳೆಯ ಪುಸ್ತಕಗಳನ್ನು 2015ರಿಂದ ಆರ್ಕಿಯೋನ್ ಜಾಲತಾಣದಲ್ಲಿ ಹಣ ಕಟ್ಟಿ ನೋಡಬಹುದು. ಆ ಪುಸ್ತಕಗಳಲ್ಲಿರುವ ಕುರೆಂಟ್ ಅನ್ನುವ ಹಳೆಯ ಜರ್ಮನ್ ಕೈಬರಹ ಓದುವುದನ್ನು ಆಕೆಗೆ ಮೇಷ್ಟ್ರೇ ಕಲಿಸಿದರು, ಫೋನಿನಲ್ಲಿ. ಪ್ರತಿ ಹೆಸರಿಗೂ ಚರ್ಚಿನಲ್ಲಿ ನಾಮಕರಣವಾದ, ಅಂದರೆ ದೀಕ್ಷಾಸ್ನಾನದ ನಮೂದು ಸಿಕ್ಕಿತು, ಒಂದನ್ನು ಬಿಟ್ಟು.

ಆ ಒಬ್ಬನಿಗೆ ನಾಮಕರಣ ಆಗಿರಲೇ ಇಲ್ಲ. ಅವನು ಯಹೂದಿ. ಜರ್ಮನ್ ಸೈನ್ಯದಲ್ಲಿ ಆ ಯುದ್ಧದಲ್ಲಿ ಸುಮಾರು 12,000 ಯಹೂದಿ ಸೈನಿಕರು ಸತ್ತರು. ಅವರಲ್ಲಿ ಒಬ್ಬನ ಹೆಸರು ಈ ಊರಿನ ಕಲ್ಲಿನ ಮೇಲಿತ್ತು. ದಶಕಗಳಿಂದ ಪ್ರತಿ ನವೆಂಬರ್‌ನಲ್ಲಿ ಅದರ ಮುಂದೆ ಹೂಮಾಲೆ ಇಡುತ್ತಿದ್ದರು. ಮೇಷ್ಟ್ರ ಬಳಿ ಇದ್ದ ಚರಿತ್ರೆಯಲ್ಲಿ ಊರಿನ ಯಹೂದಿಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನು ಬರೆದ ದಶಕ ಯಾವುದು ಅಂತ ಎಲ್ಲರಿಗೂ ಆಗ ನೆನಪಾಯಿತು.

ಹೆಸ್ಸೆನ್‌ನ ಹಳ್ಳಿಗಳಲ್ಲಿ ಯಹೂದಿಗಳು ಇದ್ದದ್ದು ಅಪರೂಪವೇನಲ್ಲ. ದನದ ವ್ಯಾಪಾರ, ಬಟ್ಟೆ, ಕಿರಾಣಿ ಅವರ ಕಸುಬು. ಹತ್ತಾರು ಮನೆ ಇದ್ದರೂ ಸಾಕು, ಒಂದು ಸಣ್ಣ ಪ್ರಾರ್ಥನಾ ಮಂದಿರ ಇರುತ್ತಿತ್ತು. ಸ್ಮಶಾನ ಮಾತ್ರ ನಾಲ್ಕೈದು ಊರುಗಳಿಗೆ ಸೇರಿ ಒಂದು. ಈ ಊರಿನ ಮಂದಿರ ಎಲ್ಲಿತ್ತು? ಕೇಳಿದಾಗ ಗೊತ್ತಾದದ್ದು, ಅರವತ್ತು ದಾಟಿದ ಎಲ್ಲರಿಗೂ ಅದು ಗೊತ್ತಿತ್ತು. ಒಂದು ಗಲ್ಲಿಯ ಕೊನೆಯಲ್ಲಿರುವ ಗೋದಾಮು. ಒಳಗೆ ಟ್ರ್ಯಾಕ್ಟರ್, ಸೌದೆ. ಮೇಲಿನ ಕಮಾನು ಕಿಟಕಿಯನ್ನು ಇಟ್ಟಿಗೆ ಇಟ್ಟು ಮುಚ್ಚಿದ ಗುರುತು ಹೊರಗಿನಿಂದಲೇ ಕಾಣುತ್ತದೆ. ಯಾರೂ ಯಾವತ್ತೂ ಬಚ್ಚಿಟ್ಟಿರಲಿಲ್ಲ. ಯಾರೂ ಹೇಳಿಯೂ ಇರಲಿಲ್ಲ.

ಯಹೂದಿಗಳ ಮೇಲೆ ನಾಜಿಗಳು ನಡೆಸಿದ 1938ರ ನವೆಂಬರ್ ದಾಳಿಗಳು ದೇಶದಾದ್ಯಂತ 9ರ ರಾತ್ರಿ ನಡೆದವು ಅಂತ ನಾವು ಓದುತ್ತೇವೆ. ಕಾಸೆಲ್ ಮತ್ತು ಅದರ ಸುತ್ತಿನ ಸೀಮೆಯಲ್ಲಿ 7ರಂದೇ ಶುರುವಾಗಿತ್ತು. ಹಳ್ಳಿಗಳಲ್ಲಿ ಎಷ್ಟೋ ಮಂದಿರಗಳಿಗೆ ಬೆಂಕಿ ಇಡಲಿಲ್ಲ. ಪಕ್ಕದ ಮನೆಗಳಿಗೆ ಹತ್ತುತ್ತದೆ ಅನ್ನುವ ಭಯ. ಒಳಗಿನದನ್ನು ಒಡೆದು ಬೀದಿಗೆ ಎಸೆದರು. ಇಲ್ಲೂ ಹಾಗೇ ಆಯಿತು. ಉಳಿದಿದ್ದ ಕುಟುಂಬಗಳು ಕಾಸೆಲ್‌ಗೋ ಫ್ರಾಂಕ್‌ಫರ್ಟ್‌ಗೋ ಹೋದವು. ಕೆಲವರು ಹಡಗು ಹತ್ತಿ ಪಾರಾದರು. 1941ರ ಡಿಸೆಂಬರ್ 9ರಂದು ಕಾಸೆಲ್‌ನಿಂದ ಸುಮಾರು ಸಾವಿರ ಯಹೂದಿಗಳನ್ನು ತುಂಬಿಕೊಂಡು ಲಾಟ್ವಿಯಾದ ರೀಗಾಕ್ಕೆ ಹೊರಟ ರೈಲಿನಲ್ಲಿ ಈ ಊರಿನಲ್ಲಿ ಹುಟ್ಟಿದವರೂ ಇದ್ದರು. ಇದನ್ನು ತಿಳಿಯಲು ಈಗ ಕಷ್ಟವಿಲ್ಲ. ಜರ್ಮನ್ ಒಕ್ಕೂಟ ದಾಖಲಾಲಯದ ಸ್ಮರಣ ಪುಸ್ತಕದಲ್ಲಿ ಹುಟ್ಟೂರಿನ ಹೆಸರು ಹಾಕಿದರೆ ಪಟ್ಟಿ ಬರುತ್ತದೆ. ಹೆಸ್ಸೆನ್‌ನ ಯಹೂದಿ ಸಮುದಾಯಗಳ ಜನನ, ಮದುವೆ, ಮರಣದ ಪುಸ್ತಕಗಳ ಪ್ರತಿ ವೀಸ್‌ಬಾಡೆನ್‌ನ ದಾಖಲಾಲಯದಲ್ಲಿವೆ.

ಸತ್ತವರ ಹೆಸರು ಸಿಗುವುದು ಸುಲಭವಾಯಿತು. ಬದುಕಿರುವ ಒಬ್ಬರ ಒಪ್ಪಿಗೆ ಸಿಗುವುದು ಕಷ್ಟವಾಯಿತು.

ಗೋದಾಮಿನ ಮಾಲೀಕರು ಮೊದಲು ಆಯ್ತು ಅಂದರು. ಅರ್ಜಿಯಲ್ಲಿ ಫಲಕ ಸೇರಿತು. ಆಮೇಲೆ ಬೇಡ ಅಂದರು. ಗೋಡೆಗೆ ಏನೂ ಹೊಡೆಯಬಾರದು, ಅಂಗಳಕ್ಕೆ ಯಾರೂ ಬರಬಾರದು. ಗುಂಪಿನ ಯುವಕರಿಗೆ ರೇಗಿತು. ‘ನಾಚಿಕೆಯಾಗಬೇಕು ಅವರಿಗೆ’ ಅಂತ ಒಬ್ಬ ಎಲ್ಲರೆದುರೇ ಅಂದ. ಮಾತು ಮಾಲೀಕರ ಕಿವಿಗೆ ಅದೇ ಸಂಜೆ ಮುಟ್ಟಿತು. ಮುನ್ನೂರು ಜನರ ಊರು. ಒಂದು ವರ್ಷ ಏನೂ ಮುಂದೆ ಹೋಗಲಿಲ್ಲ.

ಪ್ರತಿನಿಧಿ ಮಹಿಳೆ ಒಂದು ಮಧ್ಯಾಹ್ನ ಒಬ್ಬರೇ ಕೇಕ್ ಹಿಡಿದು ಅವರ ಮನೆಗೆ ಹೋದರು. ಫಲಕದ ಮಾತು ಎತ್ತದೆ ಕಾಫಿ ಕುಡಿದು ಬಂದರು. ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ ಮಾಲೀಕರೇ ಬಾಯಿಬಿಟ್ಟರು. ‘ನಮ್ಮಜ್ಜ ಕಿತ್ತುಕೊಂಡ ಅಂತ ಬರೀತೀರಾ?’ ಆ ಮನುಷ್ಯ ಹೆದರಿದ್ದು ಪ್ರವಾಸಿಗರಿಗಲ್ಲ, ಆ ಒಂದು ವಾಕ್ಯಕ್ಕೆ. ಅಜ್ಜ ಕಟ್ಟಡ ಕೊಂಡದ್ದು 1938ರ ಕೊನೆಯಲ್ಲಿ. ಎಷ್ಟಕ್ಕೆ, ಹೇಗೆ ಅಂತ ಮನೆಯಲ್ಲಿ ಯಾರೂ ಯಾವತ್ತೂ ಮಾತಾಡಿರಲಿಲ್ಲ.

ಇಲ್ಲಿ ಗುಂಪು ತೆಗೆದುಕೊಂಡ ನಿರ್ಧಾರವೇ ಇಡೀ ಪ್ರಕರಣದಲ್ಲಿ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಏನು ಬರೆಯುತ್ತೇವೆ ಅಂತ ಮಾತು ಕೊಡಲಿಲ್ಲ. ಕಾಗದ ಹುಡುಕಲು ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋದರು. ಅಮೆರಿಕದ ಆಡಳಿತದಲ್ಲಿದ್ದ ಪ್ರದೇಶದಲ್ಲಿ 1947ರ ನವೆಂಬರ್‌ನಲ್ಲಿ ಒಂದು ಕಾನೂನು ಬಂತು. ನಾಜಿ ಕಾಲದಲ್ಲಿ ಒತ್ತಾಯದಿಂದ ಕೈಬದಲಾದ ಆಸ್ತಿಯನ್ನು ಹಿಂದಿರುಗಿಸಬೇಕು, ಇಲ್ಲವೇ ರಾಜಿ ಮಾಡಿಕೊಳ್ಳಬೇಕು. ಆ ಮೊಕದ್ದಮೆಗಳ ಕಡತಗಳು ಉಳಿದಿವೆ. ಈ ಕಟ್ಟಡದ್ದೂ ಸಿಕ್ಕಿತು. ಅಜ್ಜ ಕಡಿಮೆ ಬೆಲೆಗೆ ಕೊಂಡಿದ್ದು ನಿಜ. ಯುದ್ಧದ ನಂತರ ರಾಜಿಯಲ್ಲಿ ಇನ್ನಷ್ಟು ಹಣ ಕಟ್ಟಿದ್ದೂ ನಿಜ. ಮಾಲೀಕರು ಆ ಹಾಳೆಗಳನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನ್ನೂ ಹಾಕಿ ಅಂದರು. ಫಲಕ ಮಾತ್ರ ನನ್ನ ಗೋಡೆಗೆ ಬೇಡ ಅನ್ನುವುದನ್ನು ಬಿಡಲಿಲ್ಲ.

ಹಾಗಾಗಿ ಅದು ಗಲ್ಲಿಯ ಬಾಯಲ್ಲಿ, ಪಂಚಾಯಿತಿ ಜಾಗದಲ್ಲಿ ನಿಂತಿದೆ. ಕಟ್ಟಡ ಅಲ್ಲಿಂದ ಕಾಣುತ್ತದೆ. ಅಂಗಳಕ್ಕೆ ಯಾರೂ ಕಾಲಿಡಬೇಕಾಗಿಲ್ಲ. ಸ್ಟೋಲ್ಪರ್‌ಸ್ಟೈನ್ ಹಾಕಿಸಿ ಅಂತಲೂ ಕೆಲವರು ಕೇಳಿದ್ದರು. ಕಲಾವಿದ ಗುಂಟರ್ ಡೆಮ್ನಿಗ್ 1992ರಲ್ಲಿ ಕಲೋನ್‌ನಲ್ಲಿ ಶುರುಮಾಡಿದ, ನಾಜಿಗಳಿಗೆ ಬಲಿಯಾದ ಒಬ್ಬೊಬ್ಬರ ಹೆಸರು ಬರೆದು ಪಾದಚಾರಿ ದಾರಿಯಲ್ಲಿ ಹೂಳುವ, ಹಿತ್ತಾಳೆ ಹೊದಿಸಿದ ಸಣ್ಣ ಕಲ್ಲುಗಳು ಅವು. 2023ರ ಮೇ ತಿಂಗಳಲ್ಲಿ ನ್ಯೂರೆಂಬರ್ಗ್‌ನಲ್ಲಿ ಒಂದು ಲಕ್ಷನೆಯ ಕಲ್ಲು ಹಾಕಿದರು. ಆ ವ್ಯಕ್ತಿ ತನ್ನ ಇಷ್ಟದಿಂದ ಕೊನೆಯದಾಗಿ ವಾಸವಿದ್ದ ಮನೆಯ ಮುಂದೆ ಅದನ್ನು ಹಾಕುತ್ತಾರೆ. ಹೆದರಿ ಕಾಸೆಲ್‌ಗೆ ಓಡಿದವರಿಗೆ ಆ ಮನೆ ಈ ಊರಿನದ್ದೇ, ಅಲ್ವಾ? ಅಮೆರಿಕದಲ್ಲಿರುವ, ಆ ಕುಟುಂಬದ ಮೊಮ್ಮಕ್ಕಳನ್ನು ಹುಡುಕಿ ಕೇಳಿದರು. ಅವರು ಒಪ್ಪಿದ ಮೇಲೆಯೇ ಹೆಜ್ಜೆ ಇಟ್ಟರು. ಗುಂಪಿನ ಹುಡುಗಿ ಪತ್ರ ಬರೆಯುವಾಗ ಆ ಯೋಧನ ಹೆಸರಿರುವ ಕಲ್ಲಿನ ಫೋಟೊ ಜೊತೆಗಿಟ್ಟಿದ್ದಳು. ತಮ್ಮ ಮನೆತನದವನೊಬ್ಬನ ಹೆಸರು ಅಲ್ಲಿ ಅಳಿಯದೆ ಉಳಿದಿದೆ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ.

ಪಟ್ಟಿಗೆ ಆಮೇಲೆ ಸೇರಿದ್ದು

ಇದರ ನಂತರ ಕೈ ಎತ್ತಿಸಿ ಮಾಡಿದ್ದ ಪಟ್ಟಿಯನ್ನೇ ಮತ್ತೆ ತೆರೆದರು. ನೋಡಲು ಚೆಂದವಿಲ್ಲದ, ಆದರೆ ಜನಕ್ಕೆ ನೆನಪಿರುವ ಜಾಗ ಯಾವುದು ಅಂತ ಕೇಳಿದರು. ಉತ್ತರ ಎಲ್ಲರನ್ನೂ ನಗಿಸಿತು. ಫ್ರೀಜರ್ ಮನೆ!

1950ರ ದಶಕದ ಆರಂಭದಲ್ಲಿ ಹೆಸ್ಸೆನ್ ಸರ್ಕಾರ ಹಳ್ಳಿಗಳಲ್ಲಿ ಸಮುದಾಯ ಭವನ ಕಟ್ಟಿಸುವ ಯೋಜನೆ ತಂದಿತು. ಸಭಾಂಗಣ ಒಂದೇ ಅಲ್ಲ. ಬಟ್ಟೆ ಒಗೆಯುವ ಯಂತ್ರ, ಸ್ನಾನದ ಕೋಣೆ, ಊರಿಗೆಲ್ಲ ಸೇರಿದ ಒಂದು ದೊಡ್ಡ ಶೀತಲ ಕೋಣೆ. ಮನೆಯಲ್ಲಿ ಫ್ರಿಜ್ ಇಲ್ಲದ ಕಾಲ. ಪ್ರತಿ ಮನೆಗೂ ಬೀಗ ಹಾಕುವ ಒಂದು ಗೂಡು. ಹಂದಿ ಕೊಯ್ದಾಗ ಮಾಂಸ, ಬೇಸಿಗೆಯಲ್ಲಿ ಬೀನ್ಸ್ ಎಲ್ಲ ಅಲ್ಲಿಗೆ. ಅದಕ್ಕೂ ಮುಂಚೆ ಮಾಂಸಕ್ಕೆ ಉಪ್ಪು ಹಾಕಬೇಕಿತ್ತು, ಹೊಗೆ ಹಾಕಬೇಕಿತ್ತು, ಇಲ್ಲವೇ ಡಬ್ಬಿಯಲ್ಲಿ ಬೇಯಿಸಿಡಬೇಕಿತ್ತು. ಹೊರಗಿನಿಂದ ಬಂದ ಕ್ಯಾಥೊಲಿಕ್ ಹೆಂಗಸರು ಮತ್ತು ಊರಿನ ಪ್ರೊಟೆಸ್ಟೆಂಟ್ ಹೆಂಗಸರು ಮೊದಲು ಮಾತಾಡಿಕೊಂಡದ್ದು ಚರ್ಚಿನಲ್ಲಲ್ಲ, ಇಲ್ಲಿ ಅಂತ ಆ ಅಜ್ಜಿಯೇ ಹೇಳಿದರು. ಹಸಿರು ಪಟ್ಟಿಗೆ ಅವರ ಮಾತು ಹೋಯಿತು. ಆ ಕಟ್ಟಡ ನೋಡಿದರೆ ಯಾರೂ ಫೋಟೊ ತೆಗೆಯುವುದಿಲ್ಲ. ಫಲಕ ನಿಂತ ಮೇಲೆ ಊರಿನ ಹಿರಿಯರು ಮೊಮ್ಮಕ್ಕಳನ್ನು ಮೊದಲು ಕರೆದುಕೊಂಡು ಹೋಗುವುದು ಮಾತ್ರ ಅಲ್ಲಿಗೇ.

ಫಲಿತಾಂಶ

ದಾರಿ ಹಬ್ಬದ ವರ್ಷಕ್ಕೆ ತೆರೆಯಿತು. ಮಗ್ಗುಗಳೂ ಖರ್ಚಾದವು. ಮೊದಲ ಪಟ್ಟಿಯಲ್ಲಿದ್ದ ಬಾವಿ ಬಿಟ್ಟುಹೋಯಿತು. ಅದು 1980ರ ದಶಕದಲ್ಲಿ ಊರ ಅಂದದ ಸ್ಪರ್ಧೆಗೆ ಅಂತ ಕಟ್ಟಿದ ಅಲಂಕಾರದ ಬಾವಿ ಅಂತ ಗೊತ್ತಾಗಿತ್ತು, ಕೆಳಗೆ ನೀರೇ ಇಲ್ಲ. ನನಗೇನೋ ಅದಕ್ಕೂ ಒಂದು ಫಲಕ ಬೇಕಿತ್ತು. 1961ರಲ್ಲಿ ಶುರುವಾದ ಆ ಸ್ಪರ್ಧೆ ಜರ್ಮನ್ ಹಳ್ಳಿಗಳ ಮುಖವನ್ನು ಯುದ್ಧದಷ್ಟೇ ಬದಲಿಸಿದೆ.

ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪ ಫಲವಾಗಿ ಸಿಕ್ಕ ಎರಡು ಮಾತು. ಫಲಕದ ಬರಹವನ್ನು ಕಂಬದಿಂದ ಬೇರೆಯಾಗಿ ಕಳಚಿ ಬದಲಿಸುವ ಹಾಗೆ ಮಾಡಿಸಿದ್ದರು. ಖರ್ಚು ಜಾಸ್ತಿ ಬಂತು, ಆದರೆ ಮರದ ಫಲಕವನ್ನು ಆಗಲೇ ಒಂದು ಸಲ ತಿದ್ದಬೇಕಾಯಿತು. ಇನ್ನೊಂದು, ಜರ್ಮನಿಯ ಕಾನೂನಿನಲ್ಲಿ ಜನನದ ದಾಖಲೆ 110 ವರ್ಷ, ಮದುವೆಯದು 80, ಮರಣದ್ದು 30 ವರ್ಷ ಕಳೆದ ಮೇಲೆಯೇ ಎಲ್ಲರಿಗೂ ತೆರೆಯುತ್ತದೆ. ಬದುಕಿರುವವರ ಹೆಸರು ಯಾವ ಫಲಕದಲ್ಲೂ ಇಲ್ಲ, ಹಸಿರು ಪಟ್ಟಿಯ ಮಾತುಗಳಿಗೂ ಹೆಸರಿಲ್ಲ. ಅಜ್ಜಿಗೆ ಇದು ಇಷ್ಟವಾಗಲಿಲ್ಲ. ತನ್ನ ಹೆಸರು ಹಾಕಿ ಅಂತಲೇ ಇದ್ದರು.

ಒಂದು ಫಲಕ ಇನ್ನೂ ಆಗಿಲ್ಲ. ಸ್ಮಾರಕಕ್ಕೆ 1950ರ ದಶಕದಲ್ಲಿ ಎರಡನೇ ಮಹಾಯುದ್ಧದ ಹೆಸರುಗಳನ್ನು ಸೇರಿಸಿದ್ದಾರೆ. ಅದರಲ್ಲಿ ಒಬ್ಬ ನಾಜಿಗಳ ಎಸ್‌ಎಸ್ ಪಡೆಯಲ್ಲಿದ್ದ ಅಂತ ಊರಲ್ಲಿ ಮಾತಿದೆ. ಆ ಯಹೂದಿ ಯೋಧನ ಹೆಸರಿಗೂ ಇವನ ಹೆಸರಿಗೂ ಒಂದೇ ಹೂಮಾಲೆ. ಏನು ಬರೆಯಬೇಕು? ಹಸಿರು ಪಟ್ಟಿಯಲ್ಲಿ ಬರೆದರೆ ಅದು ಚಾಡಿಯಾಗುತ್ತದೆ ಅಂತ ಒಬ್ಬರು, ಬರೆಯದಿದ್ದರೆ 1930ರ ದಶಕದ ಮೇಷ್ಟ್ರು ಮಾಡಿದ್ದನ್ನೇ ನಾವೂ ಮಾಡಿದ ಹಾಗೆ ಅಂತ ಇನ್ನೊಬ್ಬರು. ಸೈನಿಕರ ಕಡತಗಳು 2019ರಿಂದ ಒಕ್ಕೂಟ ದಾಖಲಾಲಯದ ಸುಪರ್ದಿಯಲ್ಲಿವೆ. ಅಲ್ಲಿಗೆ ಅರ್ಜಿ ಹೋಗಿದೆ. ಉತ್ತರ ಬರುವವರೆಗೆ ಸ್ಮಾರಕದ ಮುಂದೆ ಕಂಬ ಮಾತ್ರ ಇರಲಿ ಅಂತ ಸಭೆ ಬಹುಮತದಿಂದ ನಿರ್ಧರಿಸಿದೆ. ಎಸ್‌ಎಸ್‌ನಲ್ಲಿದ್ದ ಅನ್ನುವ ಆ ಮನುಷ್ಯನ ಅಣ್ಣನ ಮಕ್ಕಳು ಸಭೆಗೆ ಬಂದಿದ್ದರು. ಅವರೂ ಕೈ ಎತ್ತಿದರು.